ಪಿಸು ಹೋದ ಮೇಲೆ

ಇಪ್ಪತ್ತಮೂರು, ಮತ್ತೆ ಎಣಿಸಿದರೂ ಇಪ್ಪತ್ತಮೂರೇ, ಹನ್ನೆರಡು ಕುರ್ಚಿ ಮಕ್ಕಳಿಗೆ, ಹನ್ನೊಂದು ಅವರ ಕಾಣದ ಗೆಳೆಯರಿಗೆ, ದರ್ಜಿಯ ಮಗಳು ತನಗೆ ಎರಡನೆಯ ಕುರ್ಚಿ ಬೇಡ ಅಂದಳಂತೆ — ಗ್ರಂಥಾಲಯದ ಅಟೆಂಡರ್, ನಾನಿಲ್ಲಿ ಮಕ್ಕಳಿಂದ ಕಥೆ ಬರೆಸಲು ಶುರುಮಾಡಿದ ಮೊದಲ ಶನಿವಾರ, ಇಷ್ಟೊಂದು ಖಾಲಿ ಕುರ್ಚಿ ಯಾಕೆಂದು ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ, ಅಜ್ಜಿ, ಅವರಿಗೂ ನೀರಿನ ಲೋಟ ಇಡ್ಲಾ ಅಂದ, ಇಟ್ಟ, ಆಮೇಲೆ ಕುಡಿಯದ ಲೋಟಗಳನ್ನೂ ತೊಳೆದಿಟ್ಟ. ನನ್ನ ಬೆನ್ನಿಗೆ ದಿಂಬು ತಂದವನೂ ಅವನೇ, ಆದರೂ ಸೊಂಟ ನೋಯುತ್ತದೆ, ಮೂವತ್ತೆಂಟು ವರ್ಷ ನಿಂತು ಪಾಠ ಹೇಳಿದ ಸೊಂಟ, ಸಾಕು ಅನ್ನುತ್ತದೆ. ಪ್ರಬಂಧ ಬರೆಯಿರಿ ಅಂದರೆ ಮಕ್ಕಳು ಹಸು ಸಾಕುಪ್ರಾಣಿ ಎಂದು ಬರೆದು ಕೈಕಟ್ಟಿ ಕೂರುತ್ತವೆ, ನಿನ್ನ ಪಕ್ಕದಲ್ಲಿ ಯಾರು ಕೂತಿದ್ದಾರೆ, ಅವರಿಗೆ ಏನು ಕಂಡರೆ ಭಯ ಅಂತ ಕೇಳಿ ನೋಡಿ, ಪೆನ್ಸಿಲು ಸವೆಯುತ್ತದೆ — ಅಗೋ ಒಬ್ಬ ಖಾಲಿ ಕುರ್ಚಿಗೆ ಮೊಣಕೈ ತಿವಿಯುತ್ತಿದ್ದಾನೆ, ಸ್ವಲ್ಪ ಸರಿಯೋ, ಕೈ ಆಡಲ್ಲ ನಂಗೆ. ಎಲ್ಲರೂ ಬರೆಯುತ್ತಿದ್ದಾರೆ. ಅವಳ ಕೈ ಮಾತ್ರ ಬಿಳಿ ಹಾಳೆಯ ಮೇಲೆ ಚಪ್ಪಟೆಯಾಗಿ ಬಿದ್ದಿದೆ, ಹೆಬ್ಬೆರಳು ಒಳಗೆ ಮಡಚಿ.

ದರ್ಜಿಯ ಮಗಳು, ಎಂಟು ವರ್ಷ, ಮಾತು ಕಡಿಮೆ, ಮೂರು ವಾರ ಒಂದಕ್ಷರ ಬರೆಯದವಳು ನಾಲ್ಕನೆಯ ವಾರ ನಾಲ್ಕು ಪುಟ ಕೊಟ್ಟಳು, ಪಿಸು ನಮ್ಮನೆ ಬೀರು ಹಿಂದೆ ಇರ್ತಾಳೆ, ಅವಳಿಗೆ ಹಲ್ಲಿಲ್ಲ, ಕತ್ತರಿ ಕಂಡ್ರೆ ಭಯ, ನನ್ನ ಕಿವೀಲಿ ಮಾತ್ರ ಮಾತಾಡ್ತಾಳೆ, ಅವಳ ಹೆಸರು ಜೋರಾಗಿ ಹೇಳಬಾರದು — ಇದನ್ನು ಓದಿ, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಭೇಷ್ ಎಂದು ಬರೆದು, ಆಮೇಲೆ ನಾನು ಮಾಡಿದ್ದೇನು, ಎದ್ದು ನಿಂತೆ, ಕೊನೆಯ ಸಾಲಿಗೂ ಕೇಳಲಿ ಅಂತ ದನಿ ಎತ್ತಿ ನಾಲ್ಕೂ ಪುಟ ಓದಿದೆ. ಹಳೆಯ ಚಟ, ಚೆನ್ನಾಗಿ ಬರೆದದ್ದನ್ನು ತರಗತಿಗೆ ಓದುವುದು, ಮಗುವಿಗೆ ಹುರುಪು ಬರಲೆಂದು. ಬುದ್ಧಿ ಹುಲ್ಲು ಮೇಯಲು ಹೋಗಿತ್ತು. ಮಕ್ಕಳಿಗೆ ಪಿಸು ಎಷ್ಟು ಹಿಡಿಸಿದಳೆಂದರೆ ಏಯ್ ಪಿಸು, ಕತ್ತರಿ ಬಂತು ನೋಡೇ ಎಂದು ಎರಡು ಬೆರಳು ಆಡಿಸಿದರು, ಮುಂದಿನ ವಾರ ಇಬ್ಬರ ಕಥೆಯಲ್ಲಿ ಅವಳೇ ಬಂದು ಕೂತಿದ್ದಳು, ಕೆಟ್ಟತನ ಇರಲಿಲ್ಲ ಅವಕ್ಕೆ, ಪ್ರೀತಿಯೇ. ಇವಳು ನನ್ನ ಹತ್ತಿರ ಬಂದಳು, ಅಜ್ಜಿ ಮಿಸ್, ಅವಳು ಹೋದ್ಲು. ಎಲ್ಲಿಗೆ ಮರಿ? ಗೊತ್ತಿಲ್ಲ, ನೀವು ಓದಿದ್ರಲ್ಲ. ಕೋಪವೂ ಇಲ್ಲದೆ, ಬಸ್ಸು ಹೋಯಿತು ಅನ್ನುವ ಹಾಗೆ. ಬಿಡಿ ಮೇಡಂ, ಮಕ್ಕಳಾಟ, ಅಂದಳು ಅವಳಮ್ಮ ಗೇಟಿನ ಹತ್ತಿರ, ದಿನಾ ಬೀರು ಹಿಂದೆ ಬಗ್ಗಿ ನೋಡ್ತಾಳೆ, ಪಾಪ, ನಾನೂ ಕತ್ತರಿ ಒಳಗಿಟ್ಟಿದೀನಿ, ಇವಳು ಸ್ಕೂಲಿಗೆ ಹೋದ್ಮೇಲೇ ಬಟ್ಟೆ ಕತ್ತರಿಸೋದು, ಬರ್ಲಿ ಅಂತ — ಎಂತಹ ಹೆಂಗಸು, ಎಂದೂ ಕಾಣದವಳಿಗಾಗಿ ಕತ್ತರಿ ಮುಚ್ಚಿಟ್ಟಿದ್ದಾಳೆ, ಬಿ.ಎ. ಓದಿದ ನನಗೆ ಬಾಯಿ ಮುಚ್ಚಿಕೊಳ್ಳಲು ಬರಲಿಲ್ಲ. ಆ ಕೈ ಇನ್ನೂ ಅಲ್ಲೇ. ಏಳಬೇಕು. ಮಂಡಿ ಕಟಕ್ಕೆನ್ನುತ್ತದೆ, ಅವಳ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಯಲ್ಲಿ ಹೇಳುತ್ತೇನೆ, ಮರಿ, ನಾನು ತಪ್ಪು ಮಾಡ್ದೆ, ಇನ್ಮೇಲೆ ನಿಂದು ಓದಲ್ಲ. ಓದೋದೇ ಇಲ್ವಾ? ಇಲ್ಲ, ಮಡಚಿ ನೀನೇ ಮನೆಗೆ ತಗೊಂಡು ಹೋಗು. ತಪ್ಪೂ ತಿದ್ದಲ್ವಾ? ತಿದ್ದಲ್ಲ. ಯೋಚಿಸುತ್ತಾಳೆ, ಹಾಳೆಯಿಂದ ಕೈ ಎತ್ತದೆ. ಹಾಗಾದ್ರೆ ಆ ಕಡೆ ತಿರುಗಿ ಕೂತ್ಕೊಳ್ಳಿ.

ಅಟೆಂಡರ್ ಯಾಕೆಂದು ಕೇಳದೆ ನನ್ನ ಕುರ್ಚಿ ತಿರುಗಿಸುತ್ತಾನೆ, ದಿಂಬು ಸರಿಮಾಡುತ್ತಾನೆ, ಈಗ ನನ್ನೆದುರು ಗೋಡೆ, ಸುಣ್ಣ ಎದ್ದ ಗೋಡೆ, ಹಿಂದೆ ಪೆನ್ಸಿಲುಗಳ ಸರಸರ, ಹನ್ನೊಂದೋ ಹನ್ನೆರಡೋ, ಕಿವಿಗೆ ಲೆಕ್ಕ ಸಿಗುವುದಿಲ್ಲ, ಬರೆದರೂ ಏನು ಬರೆದಳೆಂದು ನನಗೆ ಎಂದಿಗೂ ತಿಳಿಯದು, ಬರೆಯದಿದ್ದರೂ ತಿಳಿಯದು, ಕತ್ತು ತಿರುಗಬೇಕೆನ್ನುತ್ತದೆ, ಬೇಡ, ಮಾತು ಕೊಟ್ಟಿದ್ದೇನೆ, ಗೋಡೆಯ ಮೇಲೂ ಅದೇ, ಬಿಳಿಯ ಮೇಲೆ ಒತ್ತಿದ ನಾಲ್ಕು ಬೆರಳು, ಒಳಗೆ ಮಡಚಿದ ಹೆಬ್ಬೆರಳು, ಆ ಕೈ, ಅದರ ಕೆಳಗೆ ಏನಿದೆಯೋ, ಆ ಕೈ —