ತೇಪೆ ಹಾಕಿದ ರೆಕ್ಕೆ

ಮಳೆಗಾಲ ಮುಗಿಯುತ್ತ ಬಂದಿತ್ತು, ಬೆಳಗಿನ ಏಳರ ಹೊತ್ತು. ಕಿಟಕಿಯ ನಿಂಬೆಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆಯೆಂದು ಒರೆಸಲು ಹೋದೆ, ಹಿಕ್ಕೆ ತಲೆಯೆತ್ತಿತು. ಹುಳು! ಅಲ್ಲಿಂದ ಶುರು.

ಮೂವತ್ತೆಂಟು ವರ್ಷ ಬಟ್ಟೆ ಹೊಲಿದವಳು ನಾನು. ಒಂದೇ ಕಡೆ ಕಣ್ಣು ನೆಟ್ಟು ಕೂರುವುದು ಹೊಸದಲ್ಲ. ಗಿಡದಲ್ಲಿ ಸಿಕ್ಕ ಹುಳುಗಳನ್ನೆಲ್ಲ ಡಬ್ಬಿಯಲ್ಲಿಟ್ಟು, ದಿನಾ ಹೊಸ ಎಲೆ ಹಾಕಿ ಸಾಕಿದೆ. ಹಸಿರಾದವು, ಕಡ್ಡಿಗೆ ನೂಲು ಬಿಗಿದುಕೊಂಡು ಗೂಡಾದವು, ಚಿಟ್ಟೆಯಾದವು. ಮೊದಲನೆಯದನ್ನು ಕಿಟಕಿಯಲ್ಲಿ ಬಿಟ್ಟರೆ ಕಣ್ಣೆದುರೇ ಕಾಗೆ ಕಚ್ಚಿಕೊಂಡು ಹೋಯಿತು. ಮೂರು ಮಹಡಿ ಇಳಿಯಲು ನನ್ನ ಮಂಡಿ ಒಲ್ಲೆ ಅನ್ನುತ್ತದೆ. ಹಾಗಾಗಿ ಜೊತೆಗಿದ್ದ ತಂಗಿ, ತಾನು ಕೆಲಸ ಮಾಡುವ ಫೋಟೋ ಫ್ರೇಮಿನ ಅಂಗಡಿಗೆ ಹೋಗುವಾಗ, ಅವನ್ನು ಪಾರ್ಕಿನಲ್ಲಿ ಬಿಡುತ್ತೇನೆಂದಳು.

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದೆ: "ಯಾವ ಹೂವಿನ ಮೇಲೆ ಕೂತಿತೇ?"

"ಹಳದಿ ಹೂವು ಅಕ್ಕಾ."

ಒಂದರ ರೆಕ್ಕೆ ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿ ಹರಿಯಿತು. ಬೂದುಬಣ್ಣದ ರೇಷ್ಮೆಯ ಚೂರನ್ನು ಅಂಟಿಸಿ, ಅಂಟು ಮೆತ್ತದಿರಲೆಂದು ಮೇಲೆ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದ ಪುಡಿ ಉದುರಿಸಿದೆ.

"ಚಿಟ್ಟೆಗೂ ತೇಪೇನಾ? ಹಾಗೇ ಎರಡು ಗುಂಡೀನೂ ಹಚ್ಚಿಬಿಡು!" ಎಂದು ತಂಗಿ ನಕ್ಕಳು.

ಸಂಜೆ ಬಂದವಳು, "ನಿನ್ನ ತೇಪೆಯದೇ ಎಲ್ಲಕ್ಕಿಂತ ಎತ್ತರ ಹಾರಿತು ಅಕ್ಕಾ" ಎಂದಳು. ಅಂದು ನನಗೆ ಎರಡು ತುತ್ತು ಹೆಚ್ಚೇ ಸೇರಿತು.

ಒಂದು ಸೋಮವಾರ ಅವಳು ಕನ್ನಡಕ ಮರೆತು ಹೋದಳು. ಅದಿಲ್ಲದೆ ಗಾಜು ಕೊಯ್ದರೆ ಬೆರಳು ಹೋದೀತೆಂದು, ಮೆಟ್ಟಿಲಲ್ಲಿ ಕೂತು ಕೂತು ಇಳಿದು, ಅಂಗಡಿಗೆ ಒಯ್ದೆ. ಗೋಡೆಯಲ್ಲಿ ಗಾಜಿನೊಳಗೆ ಹನ್ನೊಂದು ಚಿಟ್ಟೆಗಳು, ಎದೆಗೆ ಒಂದೊಂದು ಸೂಜಿ. ಮೂರನೆಯದರ ರೆಕ್ಕೆಯಲ್ಲಿ ಬೂದುಬಣ್ಣದ ರೇಷ್ಮೆ. ನಾನು ಕತ್ತರಿಸಿದ ಅಂಚು ನನಗೆ ಗೊತ್ತಾಗದೇ?

"ಎತ್ತರ ಹಾರಿತು ಅಂದ್ಯಲ್ಲೇ."

"ಹೇಗೂ ನಾಲ್ಕು ದಿನದಲ್ಲಿ ಸಾಯೋವು ಅಕ್ಕಾ. ಇಲ್ಲಿ ಅಂದವಾಗಿ ಇರ್ತಾವೆ. ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

"ಹೂವಿನ ಬಣ್ಣ ಯಾಕೆ ಹೇಳ್ದೆ?"

ಅವಳು ಮುಂದಿದ್ದ ಗಾಜು ಒರೆಸತೊಡಗಿದಳು. ಕನ್ನಡಕ ಕೊಟ್ಟು ಬಂದೆ.

ಮನೆಯಲ್ಲಿ ಒಂದೇ ಗೂಡು ಉಳಿದಿತ್ತು. ಅದು ಒಡೆದ ಬೆಳಿಗ್ಗೆ ತಂಗಿ ಕೈ ಚಾಚಿದಳು. ನಾನು ಡಬ್ಬಿಯನ್ನು ಸೆರಗಿನೊಳಗೆ ಹಿಡಿದೆ. ಮತ್ತೆ ಕೂತು ಕೂತು ಇಳಿದು ಪಾರ್ಕಿಗೆ ಹೋದೆ. ಅಲ್ಲಿ ಹಳದಿ ಹೂವೇ ಇರಲಿಲ್ಲ, ಬರೀ ಹುಲ್ಲು. ಮುಚ್ಚಳ ತೆಗೆದೆ, ಹಾರಿತು.

ಚಿಟ್ಟೆ ಹೋದದ್ದು ಗುರುವಾರ. ಮರುದಿನ ತಂಗಿ ಪೆಟ್ಟಿಗೆ ಕಟ್ಟಿದಳು. ಹೋಗು ಅನ್ನಲಿಲ್ಲ ನಾನು, ಇರು ಅನ್ನಲೂ ಇಲ್ಲ. ಅವಳು ಹೋದದ್ದು ಶುಕ್ರವಾರ.