ಅತ್ತೆಯ ಕೈಗುಣ

ನಮ್ಮ ಅತ್ತೆಗೆ ಮನುಷ್ಯರ ಮೇಲೆ ಕರುಣೆ ಅಷ್ಟಕ್ಕಷ್ಟೆ. ಅದಕ್ಕೆ ಸೊಸೆಯಾದ ನಾನೇ ಸಾಕ್ಷಿ. ಇದ್ದಬದ್ದ ಕರುಣೆಯೆಲ್ಲ ಕೊಟ್ಟಿಗೆಗೆ ಮೀಸಲು. ಹುಟ್ಟುತ್ತಲೇ ತಾಯಿ ಕಳೆದುಕೊಂಡ ಪುಟ್ಟಿ ಎಂಬ ಕರುವಿಗೆ ಬೆರಳು ಚೀಪಿಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವರು ಅವರು. ಅತ್ತೆಯ ಕೈಗುಣದಿಂದಲೇ ಅದು ಬದುಕಿತು ಎಂದು ಎಲ್ಲರೂ ಹೇಳುತ್ತಿದ್ದರು. ಈಗ ಪುಟ್ಟಿಯೂ ಕರು ಹಾಕಿತ್ತು. ಅತ್ತೆಯನ್ನು ಬಿಟ್ಟು ಬೇರೆ ಯಾರು ಹಾಲು ಕರೆಯಲು ಕೂತರೂ ಒದೆ ಗ್ಯಾರಂಟಿ.

ಆ ವಾರ ನಮ್ಮ ಮುದಿ ಹಸುವಿನ ಕೆಚ್ಚಲು ಬಾತು ಕಲ್ಲಾಗಿತ್ತು. ಬೆಳಗಾದರೆ ನೋವಿಗೆ ಕೂಗುತ್ತಿತ್ತು.

"ಪಾಪ, ಅದನ್ನ ಮೊದಲು ಕರೆದುಬಿಡ್ತೀನಿ. ಎಷ್ಟು ಹೊತ್ತು ಅಂತ ನರಳುತ್ತೆ?" ಎಂದು ಅತ್ತೆ ಅದರ ಬಳಿಯೇ ಮೊದಲು ಕೂರುತ್ತಿದ್ದರು. ಗಂಟುಗಂಟಾದ ಹಾಲನ್ನು ನೆಲಕ್ಕೆ ಹಿಂಡಿ, ಕೆಚ್ಚಲನ್ನು ಬಟ್ಟೆಯಲ್ಲಿ ಒರೆಸಿ, ಅದೇ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಪುಟ್ಟಿಯ ಹತ್ತಿರ ಹೋಗುತ್ತಿದ್ದರು. ದಿನವೂ ನೋಡುತ್ತಿದ್ದ ನನಗೂ ಏನೂ ಅನ್ನಿಸಲಿಲ್ಲ.

ಪುಟ್ಟಿ ಮೇವು ಬಿಟ್ಟಾಗ ದನದ ಡಾಕ್ಟರು ಬಂದರು. ಅದರ ಮೈ ಸುಡುತ್ತಿತ್ತು. ಕೆಚ್ಚಲಿನ ಒಂದು ಭಾಗ ಮಾತ್ರ ತಣ್ಣಗಾಗಿ ನೀಲಿಗಟ್ಟಿತ್ತು.

"ಮೊದಲು ಯಾವುದನ್ನ ಕರೀತೀರಮ್ಮ?"

ಅತ್ತೆ ಮುದಿ ಹಸುವನ್ನು ತೋರಿಸಿದರು.

"ಕಾಯಿಲೆ ಇರೋದನ್ನ ಕೊನೇಲಿ ಕರೀಬೇಕು. ನಿಮ್ಮ ಕೈಯಿಂದ, ಆ ಬಟ್ಟೆಯಿಂದ ರೋಗಾಣು ಇದಕ್ಕೂ ದಾಟಿದೆ."

"ಅದಕ್ಕೆ ನೋವಿತ್ತಲ್ಲಪ್ಪ," ಎಂದರು ಅತ್ತೆ.

ಡಾಕ್ಟರು ಇಂಜೆಕ್ಷನ್ ಕೊಟ್ಟು, "ಆಗಾಗ ಹಿಂಡಿ ಖಾಲಿ ಮಾಡ್ತಾ ಇರಿ. ಉಳಿದರೆ ನಿಮ್ಮ ಪುಣ್ಯ" ಎಂದು ಹೊರಟರು.

"ನೀನೇ ಹಿಂಡು. ನನ್ನ ಕೈ ಬೇಡ," ಎಂದರು ಅತ್ತೆ ನನಗೆ.

ನಾನು ಕೂತೆ. ಅಂಥ ಜ್ವರದಲ್ಲೂ ಪುಟ್ಟಿ ನನ್ನನ್ನು ಹತ್ತಿರ ಸೇರಿಸಲಿಲ್ಲ; ಚೊಂಬು ಒಂದು ಕಡೆ, ನಾನೊಂದು ಕಡೆ ಬಿದ್ದೆವು. ವಿಧಿಯಿಲ್ಲದೆ ಅತ್ತೆ ಕೈಗೆ ಸೋಪು ಹಚ್ಚಿ ಉಜ್ಜತೊಡಗಿದರು. ಚರ್ಮ ಕೆಂಪಾದರೂ ಬಿಡಲಿಲ್ಲ.

"ಸಾಕು ಬನ್ನಿ ಅತ್ತೆ," ಎಂದು ನಾನೇ ನೀರು ಸುರಿದೆ.

ಅತ್ತೆ ಕೂತು ಕೆಚ್ಚಲಿಗೆ ಕೈ ಹಾಕಿದರು. ಪುಟ್ಟಿ ಅವರಿಗೂ ಒದ್ದಿತು, ಜೀವಮಾನದಲ್ಲಿ ಮೊದಲ ಸಲ. ಅತ್ತೆ ಸರಿಯಲಿಲ್ಲ.

"ಒದಿ ಮಗಳೇ," ಎಂದರು. "ಒದಿ."

ಚೊಂಬಿಗೆ ಬಿದ್ದದ್ದು ಹಾಲಲ್ಲ, ಕೆಂಪು ನೀರು. ಒದೆ ಬೀಳುತ್ತಲೇ ಇತ್ತು, ಅತ್ತೆ ಹಿಂಡುತ್ತಲೇ ಇದ್ದರು. ಸಂಜೆ ಹೊತ್ತಿಗೆ ಪುಟ್ಟಿಗೆ ಒದೆಯುವ ಶಕ್ತಿಯೂ ಉಳಿಯಲಿಲ್ಲ. ಅತ್ತೆ ಕಣ್ಣೀರು ಹಾಕಿದ್ದು ಆಗಲೇ.