ಕಳಿಸೋಕೆ ಆಗಲಿಲ್ಲ ಅಂತ ಬರೀರಿ

ಗಂಡ ಸತ್ತ ಸುದ್ದಿ ಬಂದಾಗ ಅವಳು ಹಳೇ ಬಸ್ಸಿನ ಸೀಟೊಂದಕ್ಕೆ ಹೊಸ ರೆಕ್ಸಿನ್ ಎಳೆದು ಕಟ್ಟುತ್ತಿದ್ದಳು. ಬಸ್ಸು ರಿಪೇರಿಯ ಆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ರೆಕ್ಸಿನಕ್ಕ ಅಂತಲೇ ಕರೆಯುತ್ತಿದ್ದರು. ಎಂಥ ಹಟಮಾರಿ ರೆಕ್ಸಿನ್ ಆದರೂ ಅವಳ ಕೈಗೆ ಸಿಕ್ಕರೆ ಒಂದು ಸುಕ್ಕಿಲ್ಲದೆ ತೆಪ್ಪಗೆ ಕೂರುತ್ತಿತ್ತು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದವಳು ಫೋನು ಬಡಿದುಕೊಂಡಾಗ ಅವನ್ನೆಲ್ಲ ಅಂಗೈಗೆ ಉಗಿದು, ಆಮೇಲೆ ಹಲೋ ಅಂದಳು.

ಆ ಕಡೆ ಇದ್ದವನು ಪರದೇಶದಲ್ಲಿ ಗಂಡನ ಜೊತೆ ಒಂದೇ ರೂಮಿನಲ್ಲಿದ್ದ ಗೆಳೆಯ. "ಅಕ್ಕಾ, ಬೆಳಿಗ್ಗೆ ಎಬ್ಬಿಸೋಕೆ ಹೋದ್ವಿ... ಏಳಲೇ ಇಲ್ಲ," ಅಂದ. ಎದೆಬಡಿತ ನಿಂತುಹೋಗಿದೆ ಅಂತ ಡಾಕ್ಟರು ಹೇಳಿದರಂತೆ. ಅವಳು ಅಂಗೈ ಮುಚ್ಚಿದಳು. ಮೊಳೆ ಚುಚ್ಚಿದ್ದು ಗೊತ್ತಾಗಿದ್ದು ಶೆಡ್ಡಿನ ಮೇಸ್ತ್ರಿ ಬಂದು ಅವಳ ಬೆರಳು ಬಿಡಿಸಿದ ಮೇಲೆ.

ಮನೆಯಲ್ಲಿದ್ದದ್ದು ಅವಳು ಮತ್ತು ಅತ್ತೆ, ಇಬ್ಬರೇ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಬೀದಿಯವರು ಅತ್ತೆಗೆ ಇಟ್ಟ ಹೆಸರು ಫಾರಿನ್ ಅಜ್ಜಿ. ಮುದುಕಿಗೆ ಅದು ಬೈಗುಳವಲ್ಲ, ಬಿರುದು. ಯಾರಾದರೂ ಬರೀ ಅಜ್ಜಿ ಅಂತ ಕರೆದರೆ ತಿರುಗಿ ನೋಡುವುದೂ ಅನುಮಾನ. ಸುದ್ದಿ ಕೇಳಿದಾಗ ಅತ್ತೆ ಎದೆ ಬಡಿದುಕೊಳ್ಳಲಿಲ್ಲ. ಮಂಚದ ಕಂಬ ಹಿಡಿದುಕೊಂಡು, "ಕರ್ಕೊಂಡು ಬಾ ಅವನನ್ನ. ಮುಖ ನೋಡ್ದೆ ನಾನು ನಂಬಲ್ಲ," ಅಂದಳು.

ಕರೆದುಕೊಂಡು ಬರುವುದೇನು ಬಾಯಿಮಾತೇ? ಗಂಡ ಅಲ್ಲಿ ಎತ್ತರದ ಕಟ್ಟಡಗಳಿಗೆ ಗಾಜು ಕೂರಿಸುವ ಕೆಲಸಕ್ಕೆ ಹೋಗಿದ್ದವನು. ಕಂಪನಿಯವರು ಆ ಮನುಷ್ಯ ನಮ್ಮಲ್ಲಿಲ್ಲ, ಯಾವಾಗಲೋ ಬಿಟ್ಟುಹೋದ ಅಂತ ಕೈ ತೊಳೆದುಕೊಂಡರು. ಹೆಣ ಆಸ್ಪತ್ರೆಯ ಶೀತಲ ಕೋಣೆಯಲ್ಲಿ ಉಳಿಯಿತು. ವಿಮಾನದಲ್ಲಿ ತರುವ ಖರ್ಚು ಕೇಳಿದರೆ ಶೆಡ್ಡನ್ನೇ ಮಾರಿದರೂ ಸಾಲದು ಅಂತ ಮೇಸ್ತ್ರಿ ತಲೆ ಮೇಲೆ ಕೈ ಹೊತ್ತ. ದಾರಿ ತೋರಿಸಿದ್ದೂ ಅವನೇ. ಹೊರದೇಶದಲ್ಲಿ ತೀರಿಕೊಂಡವರನ್ನು ತರಲು ಸರ್ಕಾರದ ನಿಧಿ ಒಂದಿದೆಯಂತೆ, ಗತಿಯಿಲ್ಲದ ಮನೆಯವರಿಗೆ ಪೂರ್ತಿ ಖರ್ಚು ಕೊಡುತ್ತಾರಂತೆ. ಅವಳು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಮನೆಗೆ ಬಂದು ವಿಚಾರಣೆ ಮಾಡ್ತೀವಿ ಅಂದರು. ಬರಲಿ, ಮುಚ್ಚಿಡೋಕೆ ಏನಿದೆ ಅಂದುಕೊಂಡಳು.

ಏನಿದೆ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಆ ಸುಳ್ಳು ಅಷ್ಟು ಹಳೆಯದಾಗಿ, ಮನೆಯ ಗೋಡೆಯ ಹಾಗೆ ಆಗಿಹೋಗಿತ್ತು.

ವಿಚಾರಣೆಯವರು ಬಂದದ್ದು ಅವಳು ಶೆಡ್ಡಿನಲ್ಲಿದ್ದಾಗ. ಮಾರನೆಯ ದಿನ ಕಚೇರಿಯಲ್ಲಿ, ಕನ್ನಡಕ ಹಣೆಗೇರಿಸಿಕೊಂಡ ಅಧಿಕಾರಿಣಿ ನಿಧಾನಕ್ಕೇ ಹೇಳಿದಳು: "ನೋಡಿಮ್ಮ, ನಿಮ್ಮತ್ತೆನೇ ಹೇಳಿದಾರೆ. ಮಗ ಒಂದು ತಿಂಗಳೂ ತಪ್ಪಿಸದೆ ದುಡ್ಡು ಕಳಿಸ್ತಿದ್ದ, ಈ ಫ್ರಿಜ್ಜು ಅವನೇ ಕೊಡಿಸಿದ್ದು, ನಮಗೆ ಯಾರ ಹಂಗೂ ಇಲ್ಲ ಅಂತ. ಅಕ್ಕಪಕ್ಕದವರೂ ಅದನ್ನೇ ಹೇಳಿದ್ರು. ಅನುಕೂಲ ಇದ್ದೋರಿಗೆ ಇದು ಬರಲ್ಲ."

"ಅದು ಸುಳ್ಳು," ಅಂದಳು ಅವಳು.

"ಹಾಗಾದ್ರೆ ಅವರೇ ಬಂದು ಹೇಳಬೇಕು. ತಾಯಿ ಹೇಳಿಕೆ ಒಂದು, ಹೆಂಡತಿ ಹೇಳಿಕೆ ಒಂದು ಆದ್ರೆ ನಾನೇನು ಮಾಡ್ಲಿ?"

ಕಚೇರಿಯ ಮೆಟ್ಟಿಲ ಮೇಲೆ ಅವಳು ಬಹಳ ಹೊತ್ತು ಕೂತಳು. ಮೊದಮೊದಲು ಗಂಡ ಸರಿಯಾಗಿಯೇ ಕಳಿಸುತ್ತಿದ್ದ. ಆಮೇಲೆ ಅರ್ಧವಾಯಿತು, ಆಮೇಲೆ "ಈ ಸಲ ಸ್ವಲ್ಪ ಟೈಟು" ಅನ್ನುವ ಮಾತಷ್ಟೇ ಬಂತು. ಆ ತಿಂಗಳು ಅತ್ತೆಯ ಮುಖ ನೋಡಲಾಗದೆ ತನ್ನ ಕೂಲಿಯಲ್ಲೇ ಒಂದಿಷ್ಟು ತೆಗೆದು, "ನಿಮ್ಮ ಮಗ ಕಳಿಸಿದ್ದು" ಅಂತ ಕೈಗಿಟ್ಟಳು. ಮುಂದಿನ ತಿಂಗಳು ಹೇಗೂ ಬರುತ್ತಲ್ಲ ಅನ್ನುವ ಧೈರ್ಯ. ಬರಲಿಲ್ಲ. ಸುಳ್ಳು ಮಾತ್ರ ತಿಂಗಳು ತಪ್ಪದೆ ನಡೆಯಿತು. ಹಗಲೂ ರಾತ್ರಿ ದುಡಿದು ಫ್ರಿಜ್ಜು ತಂದದ್ದೂ ಅವಳೇ. ಅತ್ತೆ ಫೋನಿನಲ್ಲಿ ಮಗನಿಗೆ, "ಫ್ರಿಜ್ಜು ಬಲು ಚೆನ್ನಾಗಿದೆ ಕಣಪ್ಪಾ, ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಾಗ ಅವನು ಯಾವ ಫ್ರಿಜ್ಜು ಅಂತ ಕೇಳದೆ, "ಹೂಂ ಅಮ್ಮ," ಅಂದಿದ್ದ. ಆಮೇಲೆ ಗಂಡ ಹೆಂಡತಿ ಇಬ್ಬರೂ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಅವನು ನಾಚಿಕೆಯಿಂದ ಫೋನು ಮಾಡುವುದನ್ನೇ ಬಿಟ್ಟುಬಿಡುತ್ತಿದ್ದನೇನೋ.

ಈಗ ಅವನನ್ನು ಮನೆಗೆ ತರಬೇಕು ಅಂದರೆ ಅವನ ಹೆಸರು ಕೆಡಿಸಬೇಕು. ಅದೂ ಹೆತ್ತವಳ ಎದುರಿಗೆ, ಸತ್ತ ವಾರದಲ್ಲೇ. ಹೆಣ ಅಲ್ಲೇ ಮಣ್ಣಾಗಲಿ, ಮುದುಕಿ ಅಷ್ಟು ಸುಖವನ್ನಾದರೂ ಇಟ್ಟುಕೊಳ್ಳಲಿ ಅಂತ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ ಶೀತಲ ಕೋಣೆಯ ಕಬ್ಬಿಣದ ಡ್ರಾಯರಿನಲ್ಲಿ, ನಂಬರಿನ ಚೀಟಿ ಕಟ್ಟಿಸಿಕೊಂಡು ಮಲಗಿರುವ ಅವನ ಕಾಲು ಕಣ್ಣಿಗೆ ಬಂತು. ಚಳಿ ಅಂದರೆ ಆಗದ ಮನುಷ್ಯ. ಎದ್ದು ಮನೆಗೆ ನಡೆದಳು.

ಹೇಳಿದಳು. ಸುತ್ತಿ ಬಳಸಿ ಹೇಳೋಣ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರೂ ಬಾಯಿಗೆ ಬಂದದ್ದು ನೇರವಾಗಿಯೇ ಬಂತು.

ಅತ್ತೆ ಮೊದಲು ನಕ್ಕಳು. ಆಮೇಲೆ ಕಣ್ಣು ಕೆಂಪಗಾದವು. "ನನ್ನ ಮಗನ ದುಡ್ಡು ನುಂಗಿ ನೀರು ಕುಡಿದು, ಈಗ ಕಳಿಸೇ ಇಲ್ಲ ಅಂತೀಯಾ? ಅವನು ಎದ್ದು ಬಂದು ಹೇಳಲ್ಲ ಅನ್ನೋ ಧೈರ್ಯಾನಾ ನಿಂಗೆ?"

"ಅತ್ತೆ..."

"ಅತ್ತೆ ಅನ್ಬೇಡ. ಬಾಯಿ ಮುಚ್ಚು."

ಅವಳಿಗೂ ರೇಗಿತು. ಕೈ ಚಾಚಿ ತೋರಿಸಿದಳು. ಸೂಜಿ ಚುಚ್ಚಿಸಿಕೊಂಡು ಜಡ್ಡುಗಟ್ಟಿದ ಬೆರಳ ತುದಿಗಳು, ಅಂಗೈಯಲ್ಲಿ ಇನ್ನೂ ಆರದ ಮೊಳೆ ಗಾಯ. "ಇಷ್ಟು ವರ್ಷ ನೀವು ಉಂಡಿದ್ದು ಈ ಕೈಯ ದುಡಿಮೆ. ಇದನ್ನ ಹೇಳಬಾರದು ಅಂತಲೇ ಇದ್ದೆ. ನಿಮ್ಮ ಮಗ ಬರಬೇಕೋ ಬೇಡ್ವೋ, ನೀವೇ ಹೇಳಿ."

ಮುದುಕಿ ಗೋಡೆ ಕಡೆ ತಿರುಗಿ ಮಲಗಿದಳು. ಊಟಕ್ಕೂ ಏಳಲಿಲ್ಲ. ಮರುದಿನ ಸೊಸೆ ಶೆಡ್ಡಿಗೆ ಹೊರಟಾಗ ಅತ್ತೆ ಬೆನ್ನು ಮಾಡಿಕೊಂಡೇ, "ಆ ರೂಮಿನವನ ಜೊತೆ ನಾನು ಮಾತಾಡಬೇಕು. ನೀನು ಆಚೆ ಇರು," ಅಂದಳು.

ಅವಳು ನಂಬರು ಹಚ್ಚಿಕೊಟ್ಟು ಬಾಗಿಲಾಚೆ ನಿಂತಳು. ಅತ್ತೆಯ ಕಿವಿ ಮಂದ, ಹಾಗಾಗಿ ಸ್ಪೀಕರಿಗೆ ಹಾಕಿದ ಫೋನಿನ ದನಿ ಮೆಟ್ಟಿಲವರೆಗೂ ಕೇಳುತ್ತಿತ್ತು. ಗೆಳೆಯ ಮೊದಲು ಹಾರಿಕೆಯ ಮಾತಾಡಿದ. ಮುದುಕಿ ಬಿಡಲಿಲ್ಲ. "ನಿನ್ನ ತಾಯಿ ಕೇಳ್ತಿದಾಳೆ ಅಂದ್ಕೊಂಡು ಹೇಳಪ್ಪ," ಅಂದಳು. ಆಗ ಅವನು ಹೇಳಿದ. ಗಾಜು ಹಿಡಿಯುವ ಕೈ ನಡುಗತೊಡಗಿ ಕಂಪನಿ ಅವನನ್ನು ಹೊರಗೆ ಹಾಕಿತ್ತು. ಕಾಗದಪತ್ರದ ಅವಧಿ ಮುಗಿದಿದ್ದರಿಂದ ಬೇರೆ ಕಡೆ ಯಾರೂ ಸೇರಿಸಿಕೊಳ್ಳಲಿಲ್ಲ. ರೂಮಿನವರಿಗೆಲ್ಲ ಅಡುಗೆ ಮಾಡಿ, ಬಟ್ಟೆ ಒಗೆದು, ಅಲ್ಲೇ ಒಂದು ಮೂಲೆಯಲ್ಲಿ ಇದ್ದ. ಮನೆಯಿಂದ ಫೋನು ಬಂದರೆ ರಸ್ತೆಗೆ ಹೋಗಿ ಮಾತಾಡುತ್ತಿದ್ದನಂತೆ, ಕೆಲಸದ ಜಾಗದ ಗದ್ದಲ ಅಂತ ಅನ್ನಿಸಲಿ ಅಂತ.

ಬಾಗಿಲಾಚೆ ನಿಂತವಳಿಗೂ ಇದು ಹೊಸ ಸುದ್ದಿಯೇ. ಅವನ ಕೈ ನಡುಗುತ್ತಿತ್ತು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲಿ ಅವನಿಗೆ ಅಲ್ಲೊಬ್ಬಳನ್ನು ಕಟ್ಟಿ, ಎಷ್ಟು ಸಲ ಬೈದಿದ್ದಳೋ.

ಮಾರನೆಯ ದಿನ ಅತ್ತೆ ತಾನಾಗಿಯೇ ಒಳ್ಳೆ ಸೀರೆ ಉಟ್ಟು ಮೆಟ್ಟಿಲಿಳಿದಳು. ಕಚೇರಿಯಲ್ಲಿ ಅಧಿಕಾರಿಣಿ ಪೆನ್ನು ತೆಗೆದು, ಬರೆಯುತ್ತಲೇ ಓದಿದಳು: "ನನ್ನ ಮಗ ಮನೆಗೆ ಹಣ ಕಳಿಸುತ್ತಿರಲಿಲ್ಲ..."

"ಹಂಗೆ ಬರೀಬೇಡಿ," ಅಂದಳು ಅತ್ತೆ.

"ಮತ್ತೆ? ಕಳಿಸ್ತಿದ್ನಾ?"

"ಇಲ್ಲ. ಕಳಿಸೋಕೆ ಆಗಲಿಲ್ಲ ಅಂತ ಬರೀರಿ. ಕಳಿಸ್ತಿರಲಿಲ್ಲ ಅಂದ್ರೆ ಬೇರೆ ಆಗುತ್ತೆ."

ಅಧಿಕಾರಿಣಿ ಸೊಸೆಯ ಮುಖ ನೋಡಿ, ಬರೆದದ್ದನ್ನು ಹೊಡೆದು, ಮತ್ತೆ ಬರೆದಳು. ಅತ್ತೆ ಹೆಬ್ಬೆರಳೊತ್ತಿದಳು. ಎದ್ದು ನಿಂತವಳು ಸುಮ್ಮನಿರದೆ, "ಫ್ರಿಜ್ಜು ಇವಳದ್ದು. ಅದನ್ನೂ ಸೇರಿಸ್ಕೊಳ್ಳಿ," ಅಂದಳು.

ಮಂಜೂರಾಯಿತು. ಪೆಟ್ಟಿಗೆ ವಿಮಾನ ನಿಲ್ದಾಣದ ಸರಕಿನ ಗೋದಾಮಿಗೆ ಬಂತು. ಟಿವಿ, ಟೈರುಗಳ ಮಧ್ಯದಿಂದ ಅದನ್ನು ತಳ್ಳುಗಾಡಿಯಲ್ಲಿ ತಂದರು. ಸಹಿ ಹಾಕಿಸಿಕೊಂಡವನು ಅಭ್ಯಾಸಬಲದಿಂದ "ಮಾಲು ಸರಿಯಾಗಿದೆಯಾ ನೋಡ್ಕೊಳ್ಳಿ" ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡ. ಮೇಸ್ತ್ರಿ ಸೀಟು ಬಿಚ್ಚಿಟ್ಟ ಒಂದು ವ್ಯಾನು ತಂದಿದ್ದ.

ಮನೆಯೆದುರು ಮುಚ್ಚಳ ತೆಗೆದಾಗ ಅತ್ತೆ ಬಗ್ಗಿ ನೋಡಿದಳು. ಮುಖ ಒಣಗಿ, ಕೆನ್ನೆಮೂಳೆ ಎದ್ದು ಕಾಣುತ್ತಿತ್ತು. "ಇಷ್ಟು ಸೊರಗಿದ್ನಾ?" ಅಂತಷ್ಟೇ ಕೇಳಿ, ಮಗನ ಆ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದು ಕೂತಳು. ಎತ್ತುವ ಹೊತ್ತಾದರೂ ಬಿಡಲಿಲ್ಲ. ಸೊಸೆಯೇ ಒಂದೊಂದು ಬೆರಳಾಗಿ ಬಿಡಿಸಬೇಕಾಯಿತು.

ಆಮೇಲೆ ಬೀದಿ ಸ್ವಲ್ಪ ಬದಲಾಯಿತು. ಸರ್ಕಾರದ ದುಡ್ಡಿನಲ್ಲಿ ಬಂದ ಹೆಣ ಅನ್ನುವ ಮಾತು ಮನೆಮನೆ ಹೊಕ್ಕಿತು. ಫಾರಿನ್ ಅಜ್ಜಿ ಅಂತ ಕರೆಯುವುದನ್ನು ಜನ ನಿಲ್ಲಿಸಿದರು. ಅದು ಕರುಣೆಯಿಂದಲೋ ಕೊಂಕಿನಿಂದಲೋ ಗೊತ್ತಾಗದೆ ಅತ್ತೆ ಕೆಳಗಿಳಿಯುವುದನ್ನೇ ಬಿಟ್ಟಳು. ಸೊಸೆ ಶೆಡ್ಡಿಗೆ ಹೋಗಿ ಬರುತ್ತಿದ್ದಳು. ಇಬ್ಬರ ನಡುವೆ ಅಗತ್ಯಕ್ಕೆ ತಕ್ಕಷ್ಟು ಮಾತು, ಅಷ್ಟೇ.

ಒಂದು ಸಂಜೆ ಅವಳು ಪಾತ್ರೆ ಒರೆಸುತ್ತಿದ್ದಾಗ ಅತ್ತೆ ಮಂಚದಿಂದಲೇ ಕೇಳಿದಳು: "ಕೊನೇ ಸಲ ನಿನ್ನ ಜೊತೆ ಏನು ಮಾತಾಡಿದ?"

ಒಳ್ಳೆಯ ಮಾತೊಂದು ಹುಟ್ಟಿಸಿ ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ಇಷ್ಟು ವರ್ಷ ಮಾಡಿದ್ದೂ ಅದೇ.

"ಜಗಳ ಆಡಿದ್ವಿ," ಅಂದಳು.

"ಯಾಕೆ?"

"ಸಾಕು, ಬರಿಗೈಲಿ ಆದ್ರೂ ಬಂದುಬಿಡಿ ಅಂದೆ. ನಿಂಗೇನು ಗೊತ್ತು ಅಂತ ಕೂಗಾಡಿ ಫೋನು ಇಟ್ಟುಬಿಟ್ರು. ಆಮೇಲೆ ನಾನೂ ಮಾಡಲಿಲ್ಲ. ಅವರೇ ಮಾಡಲಿ ಅಂತ ಬಿಗಿದುಕೊಂಡು ಕೂತೆ."

ಹೆಣ ಬಂದ ದಿನವೂ ಎಲ್ಲರ ಕೆಲಸ ಮೈಮೇಲೆ ಹಾಕಿಕೊಂಡು ಓಡಾಡಿದವಳು, ಈಗ ಒದ್ದೆ ಬಟ್ಟೆಯನ್ನು ಬಾಯಿಗೊತ್ತಿಕೊಂಡು ನೆಲದ ಮೇಲೆ ಕುಸಿದಳು. ಅತ್ತೆ ಮೆಲ್ಲಗೆ ಮಂಚದಿಂದಿಳಿದು, ಗೋಡೆ ಹಿಡಿದುಕೊಂಡು ಬಂದು, ಮೊಣಕಾಲು ನೋಯುತ್ತಿದ್ದರೂ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು.

"ಹೇಳು," ಅಂದಳು. "ಇನ್ನೂ ಏನೇನು ಅಂದ, ಎಲ್ಲ ಹೇಳು."